ಯಾವ ದೇವರು ಎಂದು ಕೇಳುವ ಮೊದಲು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಬಳಿ ಅರ್ಧ ಗಂಟೆ ಸುಮ್ಮನೆ ನಿಂತರೆ ಸಾಕು, ಹಳೆಯ ಕಲೆಯನ್ನು ನಾವು ಹೇಗೆ ನೋಡುತ್ತೇವೆ ಎಂಬುದು ತಿಳಿದುಬಿಡುತ್ತದೆ. ಶಾಲೆಯ ಮಕ್ಕಳ ಸಾಲು ಬರುತ್ತದೆ. ಪ್ರವಾಸದ ಬಸ್ಸಿನಿಂದ ಇಳಿದವರು ಬರುತ್ತಾರೆ. ಮಾರ್ಗದರ್ಶಿ ಕೈಯೆತ್ತಿ ತೋರಿಸುತ್ತಾರೆ: ಇದು ಗಜಾಸುರ ಸಂಹಾರ, ಇದು ಗೋವರ್ಧನಗಿರಿ ಎತ್ತಿದ ಕೃಷ್ಣ, ಇದು ಕೈಲಾಸ ಅಲುಗಿಸುತ್ತಿರುವ ರಾವಣ. ಹೆಸರು ಕಿವಿಗೆ ಬಿದ್ದೊಡನೆ ಕಣ್ಣು ಮುಂದಿನ ಮೂರ್ತಿಗೆ ಹಾರುತ್ತದೆ. ಹೆಸರೇ ಉತ್ತರ, ಉತ್ತರ ಸಿಕ್ಕಿತು, ಇನ್ನು ನೋಡುವುದೇನಿದೆ ಎಂಬಂತೆ.

ನಾನೂ ಬಹಳ ಕಾಲ ಹಾಗೆಯೇ ನೋಡಿದವನು. ಒಂದು ಮಧ್ಯಾಹ್ನ, ಜನ ಕಡಿಮೆಯಿದ್ದ ಹೊತ್ತಿನಲ್ಲಿ, ಒಬ್ಬ ನರ್ತಕಿಯ ಕೊರಳಿನ ಹಾರದ ಹಿಂದೆ ಬೆಳಕು ಹಾಯುತ್ತಿರುವುದು ಕಂಡಿತು. ಹಾರ ಎದೆಗೆ ಅಂಟಿಕೊಂಡಿರಲಿಲ್ಲ. ಉಳಿ ಅದರ ಹಿಂಬದಿಗೂ ಹೋಗಿ ಬಂದಿತ್ತು. ಆಕೆ ಯಾರು ಎಂಬ ಪ್ರಶ್ನೆ ಆಗ ಹಿಂದೆ ಸರಿದು, ಇದನ್ನು ಹೇಗೆ ಮಾಡಿದರು, ಯಾಕೆ ಮಾಡಿದರು ಎಂಬ ಪ್ರಶ್ನೆ ಮುಂದೆ ಬಂತು. ಕಲೆಯನ್ನು ನೋಡಲು ಕಲಿಯುವವರು ಆ ಪ್ರಶ್ನೆಯಿಂದಲೇ ಹೊರಡಬೇಕು ಎಂದು ಅಂದಿನಿಂದ ನಂಬಿದ್ದೇನೆ. ಯಾವ ಕಲ್ಲು, ಬೆಳಕು ಎಲ್ಲಿಂದ, ನೋಡುವವನು ನಿಲ್ಲುವುದೆಲ್ಲಿ: ಈ ಮೂರನ್ನು ವಿಚಾರಿಸಿದ ಮೇಲೆ ಹೆಸರು ಕೇಳಿದರೆ ಹೆಸರಿಗೂ ತೂಕ ಬರುತ್ತದೆ.

ಇದೇ ಗೋಡೆಯನ್ನು ಹೇಗೆ ನೋಡಬೇಕು ಎಂಬ ವಿಚಾರಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಪ್ರಕಟಿಸಿದ ವಾಸ್ತು ಚರಿತ್ರೆಯಲ್ಲಿ ಹಳೇಬೀಡನ್ನೂ ಅಥೆನ್ಸಿನ ಪಾರ್ಥೆನಾನನ್ನೂ ಎರಡು ತುದಿಗಳಲ್ಲಿಟ್ಟು ತೂಗಿದ. ಒಂದರಲ್ಲಿ ಬುದ್ಧಿಯ ಕಟ್ಟುನಿಟ್ಟು, ಇನ್ನೊಂದರಲ್ಲಿ ಉಕ್ಕಿ ಹರಿಯುವ ಕಲ್ಪನೆ. ಅವನದು ಮನಸಾರೆ ಮೆಚ್ಚಿಗೆಯೇ. ಆದರೆ ಆ ಹೋಲಿಕೆಯ ಹಿಂದೆಯೇ ಒಂದು ದೂರು ಬೆಳೆಯಿತು: ಹೊಯ್ಸಳರದು ಅತಿಯಾದ ಅಲಂಕಾರ, ಬರಿಯ ಕುಸುರಿ, ಶಿಲ್ಪಕ್ಕಿಂತ ಚಿನಿವಾರಿಕೆ ಹೆಚ್ಚು ಎಂದು. ಇಂದಿಗೂ ಆ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ನಮ್ಮವರೇ ಹೊಗಳುವಾಗಲೂ "ಎಷ್ಟೊಂದು ಸೂಕ್ಷ್ಮ!" ಎನ್ನುವುದಕ್ಕಿಂತ ಮುಂದೆ ಹೋಗುವುದು ಅಪರೂಪ. ದೂರೂ ಹೊಗಳಿಕೆಯೂ ಒಂದೇ ಕಡೆ ನಿಂತುಬಿಟ್ಟಿವೆ.

ಅದಕ್ಕಿಂತ ಕಹಿಯಾದ ಪ್ರಸಂಗವೂ ಇದೆ. 1910ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಜಾರ್ಜ್ ಬರ್ಡ್‌ವುಡ್, ಜಾವಾದ ಒಂದು ಧ್ಯಾನಸ್ಥ ಬುದ್ಧಮೂರ್ತಿಯನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿದ. ಎರಡು ವರ್ಷ ಮೊದಲು ಭಾರತೀಯ ಶಿಲ್ಪ ಮತ್ತು ಚಿತ್ರಗಳ ಮೇಲೆ ಪುಸ್ತಕ ಬರೆದಿದ್ದ ಇ.ಬಿ. ಹ್ಯಾವೆಲ್ ಅಂದಿನ ಉಪನ್ಯಾಸಕ. ವಿಲಿಯಂ ರೋಥೆನ್‌ಸ್ಟೈನ್ ಮೊದಲಾದ ಕಲಾವಿದರು ಪತ್ರಿಕೆಗೆ ಬರೆದು ಪ್ರತಿಭಟಿಸಿದರು. ಇಂಡಿಯಾ ಸೊಸೈಟಿ ಹುಟ್ಟಿತು. ಬರ್ಡ್‌ವುಡ್ ಭಾರತದ ಕರಕುಶಲ ವಸ್ತುಗಳನ್ನು ಬಲ್ಲವನು, ಅವನ್ನು ಪ್ರೀತಿಸಿದವನು. ಆದರೂ ಆ ಮೂರ್ತಿ ಅವನಿಗೆ ಕಾಣಲಿಲ್ಲ. ಗ್ರೀಕ್ ಮೈಕಟ್ಟೊಂದೇ ಮೈಕಟ್ಟು ಎಂದು ಕಲಿತ ಕಣ್ಣಿಗೆ, ಉಸಿರು ಒಳಗೆ ತುಂಬಿಕೊಂಡು ಸ್ನಾಯುವನ್ನು ಮರೆಸಿದ ಮೈ ಬರಿಯ ಮುದ್ದೆಯಾಗಿ ಕಂಡಿತು. ಆ ಗ್ರೀಕ್ ಮಾದರಿಯೂ ಅರ್ಧ ಭ್ರಮೆಯೇ. ಬಿಳಿಯ ಅಮೃತಶಿಲೆ ಎಂದು ಯುರೋಪು ಆರಾಧಿಸಿದ ಮೂರ್ತಿಗಳಿಗೆ ಮೂಲದಲ್ಲಿ ಬಣ್ಣ ಬಳಿದಿತ್ತು. ಅವುಗಳಲ್ಲಿ ಎಷ್ಟೋ, ಕರಗಿಹೋದ ಕಂಚಿನ ಮೂಲಗಳಿಗೆ ರೋಮನರು ಮಾಡಿದ ಕಲ್ಲಿನ ನಕಲುಗಳು.

ಹ್ಯಾವೆಲ್, ಆನಂದ ಕುಮಾರಸ್ವಾಮಿ, ಸ್ಟೆಲ್ಲಾ ಕ್ರಾಮ್ರಿಷ್ ಮೊದಲಾದವರು ಈ ಕಣ್ಣನ್ನು ತಿದ್ದಿದರು. ಭಾವ, ತತ್ತ್ವ, ಧ್ಯಾನ ಇವು ಚರ್ಚೆಗೆ ಬಂದವು. ಇನ್ನೊಂದು ಕಡೆ ಟಿ.ಎ. ಗೋಪಿನಾಥ ರಾಯರು 1914ರಿಂದ ಹೊರತಂದ ಮೂರ್ತಿಶಾಸ್ತ್ರದ ಸಂಪುಟಗಳು ಯಾವ ಕೈಯಲ್ಲಿ ಯಾವ ಆಯುಧವಿದ್ದರೆ ಯಾವ ದೇವರು ಎಂಬುದನ್ನು ಖಚಿತಗೊಳಿಸಿದವು. ಎರಡೂ ದೊಡ್ಡ ಕೆಲಸಗಳು. ಆದರೆ ಒಂದು ನಮ್ಮನ್ನು ತತ್ತ್ವದ ಮೋಡಕ್ಕೆ ಏರಿಸುತ್ತದೆ, ಇನ್ನೊಂದು ಶಂಖ ಚಕ್ರ ಎಣಿಸಲು ಹಚ್ಚುತ್ತದೆ. ಇವೆರಡರ ನಡುವೆ ಕಲ್ಲು ಉಳಿದೇಹೋಯಿತು.

ಕಲಾಶಾಲೆಗಳಲ್ಲಿ ಹೇಳಿಕೊಡುವ ವಿನ್ಯಾಸದ ಸೂತ್ರಗಳಿಗೂ ಒಂದು ಹುಟ್ಟಿದೆ. ಸಮತೋಲ, ಲಯ, ಪ್ರಮಾಣ, ಒತ್ತು, ವೈದೃಶ್ಯ, ಏಕತೆ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪಟ್ಟಿ ಆಕಾಶದಿಂದ ಇಳಿದದ್ದಲ್ಲ. ಅಮೆರಿಕದ ಆರ್ಥರ್ ವೆಸ್ಲಿ ಡೌ 1899ರ ತನ್ನ ಪುಸ್ತಕದಲ್ಲಿ ವಿರೋಧ, ಸಂಕ್ರಮಣ, ಅಧೀನತೆ, ಪುನರಾವರ್ತನೆ, ಸಮಾಂಗತೆ ಎಂದು ಐದನ್ನು ಹೆಸರಿಸಿದ. ಜಪಾನಿನ ಚಿತ್ರಗಳಿಂದ ಕಲಿತ ಪಾಠ ಅವನದು. ನಮ್ಮಲ್ಲಿ ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನ ಚಿತ್ರಕ್ಕೆ ಆರು ಅಂಗಗಳನ್ನು ಹೇಳುತ್ತದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಡೌ ಹೇಳುವುದು ಹಾಳೆಯ ಮೇಲೆ ಭಾಗಗಳ ಹೊಂದಾಣಿಕೆಯನ್ನು. ಯಶೋಧರನ ಪಟ್ಟಿಯಲ್ಲಿ ಭಾವವೂ ಇದೆ, ಬಣ್ಣ ಅರೆಯುವ, ಕುಂಚ ಹಿಡಿಯುವ ಕೈಚಳಕವೂ ಇದೆ. ಕೈಕೆಲಸವನ್ನು ಸೌಂದರ್ಯದಿಂದ ಬೇರ್ಪಡಿಸದ ಆ ಪಟ್ಟಿಯೇ ನನಗೆ ಹೆಚ್ಚು ಆಪ್ತ.

ಈ ಸೂತ್ರಗಳು ನಮಗೆ ಹೊಸವೇನಲ್ಲ. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಹುಡುಗಿಗೆ ಸಮಾಂಗತೆ ಎಂಬ ಶಬ್ದ ಗೊತ್ತಿಲ್ಲದಿರಬಹುದು, ಒಂದು ಎಸಳು ದಪ್ಪವಾದರೆ ಇಡೀ ಹೂವು ವಾಲುತ್ತದೆ ಎಂಬುದು ಗೊತ್ತು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಗಳ ಬಗೆಗಳನ್ನು ಹೇಳುವಾಗ ಧೂಳಿಚಿತ್ರವನ್ನೂ ಸೇರಿಸಿದ್ದಾನೆ. ಪುಡಿಯಲ್ಲಿ ಬರೆದು ಸಂಜೆಯೊಳಗೆ ಅಳಿಸಿಹೋಗುವ ಚಿತ್ರವನ್ನು ಅರಮನೆಯ ಗೋಡೆಯ ಚಿತ್ರದ ಸಾಲಿನಲ್ಲೇ ಕೂರಿಸಿದ ಅರಸು ಆತ.

ಇನ್ನು ಕಲ್ಲಿನ ಮಾತು. ಕರ್ನಾಟಕವನ್ನು ಬಡಗಿನಿಂದ ತೆಂಕಿಗೆ ದಾಟಿದರೆ ಮೂರು ಬಗೆಯ ಕಲ್ಲು, ಮೂರು ಬಗೆಯ ಶಿಲ್ಪ. ಬಾದಾಮಿಯದು ಕೆಂಪು ಮರಳುಗಲ್ಲು. ಮೂರನೆಯ ಗುಹೆಯಲ್ಲಿ ಶಕ ವರ್ಷ 500, ಅಂದರೆ ಕ್ರಿ.ಶ. 578ರ ಶಾಸನವಿದೆ; ಮಂಗಲೇಶ ಮಾಡಿಸಿದ ಕೆಲಸ. ಗುಹೆ ಕಡೆಯುವವನಿಗೆ ಕಲ್ಲನ್ನು ಕಳೆಯಲು ಬರುತ್ತದೆ, ಕೂಡಲು ಬರುವುದಿಲ್ಲ. ಒಂದು ತೋಳು ಮುರಿದರೆ ಇನ್ನೊಂದು ಬಂಡೆ ತರುವಂತಿಲ್ಲ. ಪಡಸಾಲೆಗೆ ಬೆಳಕು ಬರುವುದು ಮುಂದಿನಿಂದ ಮಾತ್ರ, ಅದೂ ಒಳಹೋದಂತೆ ಮಂಕಾಗುತ್ತದೆ. ಆದ್ದರಿಂದ ಅಲ್ಲಿನ ರೂಪಗಳು ಅಗಲ, ಅಂಚುಗಳು ದುಂಡು, ಮೈ ನಯ. ತ್ರಿವಿಕ್ರಮ ಕಾಲನ್ನು ಎತ್ತಿದ ರೀತಿ ನೋಡಿ: ಆ ಕಾಲು ಇಡೀ ಫಲಕವನ್ನು ಅಡ್ಡಕ್ಕೆ ಸೀಳುತ್ತದೆ. ಉಳಿದವರೆಲ್ಲ ಅವನ ಮುಂದೆ ಕುಬ್ಜರು. ದೊಡ್ಡವನನ್ನು ದೊಡ್ಡದಾಗಿಯೇ ತೋರಿಸುವ ಈ ಉಪಾಯ ಈಜಿಪ್ಟಿನ ನಾರ್ಮರ್ ಫಲಕದಲ್ಲೂ ಇದೆ, ಬಾದಾಮಿಗಿಂತ ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ. ಎರಡೂ ಕಡೆ ಗಾತ್ರವೆಂದರೆ ಅಧಿಕಾರ. ಆದರೆ ನಾರ್ಮರ್ ಅರಸ ಏಟು ಹಾಕಲು ಕೈಯೆತ್ತಿ ಹಾಗೆಯೇ ಹೆಪ್ಪುಗಟ್ಟಿದ್ದಾನೆ. ತ್ರಿವಿಕ್ರಮನ ಕಾಲು ಇನ್ನೂ ಏರುತ್ತಲೇ ಇದೆ.

ಮೊದಲ ಗುಹೆಯ ಹೊರಬದಿಯ ಹದಿನೆಂಟು ತೋಳಿನ ನಟರಾಜನ ಮುಂದೆ ಎಷ್ಟು ಜೋಡಿ ಕೈ ಸೇರಿದರೆ ಎಷ್ಟು ಮುದ್ರೆ ಎಂಬ ಲೆಕ್ಕ ಸದಾ ನಡೆಯುತ್ತದೆ. ಲೆಕ್ಕ ಬಿಟ್ಟು ನೋಡಿದರೆ ತೋಳುಗಳು ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುತ್ತವೆ. ಮುಂಡ ಅಲುಗುವುದಿಲ್ಲ, ತೋಳುಗಳು ಸುತ್ತುತ್ತವೆ. ಚಲನೆ ಮತ್ತು ನಿಶ್ಚಲತೆಯನ್ನು ಒಂದೇ ಮೈಯಲ್ಲಿ ಇಡುವ ಇಂಥ ಪರಿಹಾರವನ್ನು ಆರನೆಯ ಶತಮಾನದ ಒಬ್ಬ ಶಿಲ್ಪಿ ಮರಳುಗಲ್ಲಿನಲ್ಲಿ ಕಂಡುಕೊಂಡ ಎಂಬುದು ನನಗೆ ಎಂದೂ ಹಳತಾಗದ ಬೆರಗು.

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಕಲ್ಲು ಬೇರೆ. ಅದು ಗ್ರಾನೈಟ್. ಬೆಟ್ಟದ ತುದಿಯ ಬಂಡೆಯನ್ನೇ ಬಿಡಿಸಿ, ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ, ಸುಮಾರು 58 ಅಡಿ ಎತ್ತರ. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಗ್ರಾನೈಟಿನೊಳಗಿನ ಸ್ಫಟಿಕ 7ರಲ್ಲಿದೆ. ಅಂಥ ಕಲ್ಲಿನಲ್ಲಿ ಒಂದೊಂದು ವಿವರಕ್ಕೂ ಬೆಲೆ ತೆರಬೇಕು. ಶಿಲ್ಪಿ ಬೆಲೆ ತೆತ್ತದ್ದು ತಲೆಯ ಗುಂಗುರಿಗೆ, ಕಣ್ಣು ತುಟಿಗೆ, ತೊಡೆ ತೋಳುಗಳನ್ನು ಸುತ್ತಿದ ಬಳ್ಳಿಗೆ. ಉಳಿದ ಮೈಯೆಲ್ಲ ಬಯಲು. ಆ ಬಯಲು ಇರುವುದರಿಂದಲೇ ಮುಖದ ಕಿರುನಗೆ ಅಷ್ಟು ದೂರದಿಂದ ತಲುಪುತ್ತದೆ. ಕಲಾಶಾಲೆ ಇದನ್ನು ಒತ್ತು ಎನ್ನುತ್ತದೆ. ಇನ್ನು ಕಾಲಿನ ಅಕ್ಕಪಕ್ಕದ ಹುತ್ತಗಳು. ಬಾಹುಬಲಿ ನಿಂತಲ್ಲೇ ನಿಂತು ತಪಗೈದ ಕತೆಯನ್ನು ಅವು ಹೇಳುತ್ತವೆ, ಜೊತೆಗೆ ತೊಡೆಯವರೆಗೆ ಮೂರ್ತಿಗೆ ಆಸರೆಯನ್ನೂ ಕೊಡುತ್ತವೆ. ತೊಡೆಯಿಂದ ಮೇಲೆ ಅಷ್ಟೂ ಕಲ್ಲು ಯಾವ ಊರೆಗೋಲಿಲ್ಲದೆ ನಿಂತಿದೆ. ಕತೆಯೂ ಕಟ್ಟಡದ ಅಗತ್ಯವೂ ಒಂದೇ ಹುತ್ತದಲ್ಲಿ ಕೂಡಿದಾಗ ಅದಕ್ಕಿಂತ ಒಳ್ಳೆಯ ವಿನ್ಯಾಸದ ಪಾಠ ಯಾವ ಪುಸ್ತಕದಲ್ಲಿದೆ?

ಗ್ರಾನೈಟಿನಲ್ಲಿ ಸೂಕ್ಷ್ಮ ಕೆಲಸ ಆಗುವುದೇ ಇಲ್ಲವೆಂದಲ್ಲ. ಹಂಪಿಯ ವಿಠ್ಠಲ ಗುಡಿಯ ಕಂಬಗಳೇ ಅದಕ್ಕೆ ಎದುರು ಸಾಕ್ಷಿ. ಕಲ್ಲು ಆಜ್ಞೆ ಮಾಡುವುದಿಲ್ಲ, ಚೌಕಾಸಿ ಮಾಡುತ್ತದೆ.

ಹೊಯ್ಸಳರ ಕಲ್ಲಿನದು ಇನ್ನೊಂದೇ ಗುಣ. ಬಳಪದ ಕಲ್ಲು. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ತಲೆಮಾರಿನವರಿಗೆ ಅದರ ಮೆದುತನ ಬೆರಳಿಗೇ ಗೊತ್ತು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿ. ಇದನ್ನು ಮೊದಲು ಕೈಗೆತ್ತಿಕೊಂಡವರು ಹೊಯ್ಸಳರಲ್ಲ, ಕಲ್ಯಾಣದ ಚಾಲುಕ್ಯರ ಕಾಲದವರು. ಲಕ್ಕುಂಡಿ, 1112ರ ಇಟಗಿಯ ಮಹಾದೇವ ಗುಡಿಗಳಲ್ಲಿ ಅದರ ಕಸುವು ಆಗಲೇ ಕಾಣುತ್ತದೆ. ಕಂಬದ ಕಲ್ಲನ್ನು ತಿರುಗಿಸಿ ಕಡೆದು ಬುಗುರಿಯಂಥ ನುಣುಪು ತಂದದ್ದು ಈ ಕಲ್ಲಿನಿಂದ ಸಾಧ್ಯವಾಯಿತು. ಉಳಿ ಹಾರದ ಹಿಂದೆ, ಎಲೆಯ ಅಡಿ, ಬೆರಳಿನ ಸಂದಿಗೆ ನುಗ್ಗಿತು. ಹೀಗೆ ಕೊರೆದ ಕಡೆಗಳಲ್ಲೆಲ್ಲ ಕಪ್ಪು ನೆರಳು ಕೂರುತ್ತದೆ. ಹೊಯ್ಸಳ ಶಿಲ್ಪಿಯ ನಿಜವಾದ ರೇಖೆ ಆ ನೆರಳು. ಚಿತ್ರಕಾರ ಮಸಿಯಲ್ಲಿ ಎಳೆಯುವುದನ್ನು ಅವನು ಬಿಸಿಲಿನಿಂದ ಎಳೆಸಿಕೊಂಡ. ನೆತ್ತಿಯ ಮೇಲೆ ಸೂರ್ಯನಿರುವಾಗ ಒಂದು ಗೋಡೆ, ಇಳಿಬಿಸಿಲಿನಲ್ಲಿ ಇನ್ನೊಂದು ಗೋಡೆ ಎನಿಸುವುದು ಇದರಿಂದಲೇ. ಅತಿಯಾದ ಅಲಂಕಾರ ಎಂದವರು ಬಹುಶಃ ಮಂಕು ಬೆಳಕಿನ ಫೋಟೋಗಳಲ್ಲಿ ಅದನ್ನು ನೋಡಿದ್ದರು.

ಆದರೂ ದೂರಿನಲ್ಲಿ ಹುರುಳಿಲ್ಲವೇ? ಇಷ್ಟು ತುಂಬಿದ ಗೋಡೆಯಲ್ಲಿ ಕಣ್ಣಿಗೆ ವಿಶ್ರಾಂತಿ ಎಲ್ಲಿ? ಈ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಉತ್ತರ ಸಿಗುವುದು ನಡೆಯುವಾಗ. ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಪಟ್ಟಿಕೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಇನ್ನೂ ಮೇಲೆ ರಾಮಾಯಣ, ಭಾರತ, ಭಾಗವತಗಳ ಕತೆ, ಮಕರ, ಹಂಸ. ಭಾರ ಹೊರುವ ಆನೆ ಕೆಳಗೆ, ಹಾರುವ ಹಂಸ ಮೇಲೆ: ಕಣ್ಣು ಏರಿದಂತೆ ತೂಕ ಇಳಿಯುತ್ತದೆ. ಆನೆಗಳು ಒಂದರ ಹಿಂದೆ ಒಂದು ಒಂದೇ ದೂರದಲ್ಲಿ ಬರುತ್ತವೆ, ಆದರೆ ಒಂದು ಸೊಂಡಿಲು ಮುಂದಿನದರ ಬಾಲ ಹಿಡಿದರೆ ಇನ್ನೊಂದು ಗಿಡ ಕೀಳುತ್ತದೆ. ತಾಳ ಒಂದೇ, ಗತಿ ಬೇರೆ ಬೇರೆ. ನಕ್ಷತ್ರದಂತೆ ಕೋನ ಕೋನವಾಗಿ ಒಳಹೊರಗೆ ಮಡಿಚಿಕೊಂಡ ಗೋಡೆಯ ಸುತ್ತ ಜಗತಿಯ ಮೇಲೆ ಹೆಜ್ಜೆ ಹಾಕುವಾಗ ಒಂದು ಮಡಿಕೆ ಬೆಳಗುತ್ತದೆ, ಪಕ್ಕದ್ದು ನೆರಳಿಗೆ ಸರಿಯುತ್ತದೆ. ಆ ನೆರಳಿನ ಮಡಿಕೆಯೇ ವಿಶ್ರಾಂತಿ. ಪಾರ್ಥೆನಾನನ್ನು ದೂರ ನಿಂತು ಒಂದೇ ನೋಟಕ್ಕೆ ಹಿಡಿಯಬಹುದು. ಹಳೇಬೀಡು ಪ್ರದಕ್ಷಿಣೆಗೆ ಕಟ್ಟಿದ್ದು. ಅದನ್ನು ಕಾಲು ನೋಡಬೇಕು.

ಗೆರಾರ್ಡ್ ಫೂಕೆಮಾ ಮತ್ತು ಆಡಮ್ ಹಾರ್ಡಿ 1990ರ ದಶಕದಲ್ಲಿ ಪ್ರಕಟಿಸಿದ ಪುಸ್ತಕಗಳು ಇಲ್ಲಿ ದೊಡ್ಡ ಉಪಕಾರ ಮಾಡಿವೆ. ಕರ್ನಾಟಕದ ಗುಡಿಯ ಗೋಡೆ ಬರಿಯ ಮೂರ್ತಿಗಳ ಗುಂಪಲ್ಲ, ಪುಟ್ಟ ಗುಡಿಗಳ ರೂಪಗಳನ್ನು ಒತ್ತೊತ್ತಾಗಿ ಜೋಡಿಸಿದ ರಚನೆ ಎಂದು ಅವರು ಬಿಡಿಸಿ ತೋರಿಸಿದರು. ಕಂಬ, ಅದರ ಮೇಲೊಂದು ಕಿರುಗೋಪುರ, ಅದರ ಪಕ್ಕ ಇನ್ನೊಂದು. ಒಂದು ಸಲ ಇದು ಕಣ್ಣಿಗೆ ಹತ್ತಿದರೆ ಗೊಂದಲವೆನಿಸಿದ್ದೆಲ್ಲ ವ್ಯಾಕರಣವಾಗಿ ಕಾಣತೊಡಗುತ್ತದೆ. ಮೂರ್ತಿಗಳ ಮೇಲೇ ನೆಟ್ಟ ನಮ್ಮ ಕಣ್ಣಿಗೆ ಗುಡಿಯೇ ಕಾಣದೆ ಹೋಗಿತ್ತು ಎಂಬ ಅವರ ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ.

ನೋಡುವವನು ನಿಲ್ಲುವ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಬೇಲೂರಿನ ಮದನಿಕೆಯರೇ ಸಾಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಚಾವಣಿಯಂಚಿನ ಕೆಳಗೆ ಅವರು ಓರೆಯಾಗಿ ಮುಂದಕ್ಕೆ ಬಾಗಿದ್ದಾರೆ. ಕೆಳಗೆ ನಿಂತು ಕತ್ತೆತ್ತಿದವನಿಗೆ ಮುಖ ಕಾಣಲೆಂದು ಆ ಬಾಗು. ಕಣ್ಣಿನ ಎತ್ತರಕ್ಕೆ ತಂದು ನೇರ ತೆಗೆದ ಫೋಟೋದಲ್ಲಿ ದರ್ಪಣಸುಂದರಿ ಚೆಲುವಾಗಿಯೇ ಇದ್ದಾಳೆ, ಆದರೆ ಆಕೆ ಯಾರಿಗಾಗಿ ಬಾಗಿದ್ದಳೋ ಅವನು ಆ ಚಿತ್ರದಲ್ಲಿಲ್ಲ. ಗ್ರೀಕರೂ ಇದನ್ನು ಬಲ್ಲರು. ಪಾರ್ಥೆನಾನಿನ ಕಂಬಗಳು ನಡುವೆ ತುಸು ಉಬ್ಬಿವೆ, ನೆಲಗಟ್ಟು ನಡುವೆ ತುಸು ಏರಿದೆ, ಕಣ್ಣಿಗೆ ನೇರವಾಗಿ ಕಾಣಲೆಂದು.

ಪ್ರಮಾಣದ ವಿಚಾರದಲ್ಲಿ ಹಳೆಯ ಜಗತ್ತು ನಮಗಿಂತ ಕಟ್ಟುನಿಟ್ಟು. ಈಜಿಪ್ಟಿನ ಚಿತ್ರಕಾರ ಗೋಡೆಯ ಮೇಲೆ ಚೌಕಗಳನ್ನು ಎಳೆದು, ನಿಂತ ಮನುಷ್ಯನ ಪಾದದಿಂದ ಕೂದಲಿನ ಅಂಚಿಗೆ ಹದಿನೆಂಟು ಚೌಕ ಲೆಕ್ಕ ಹಾಕುತ್ತಿದ್ದ. ಅರ್ಧಕ್ಕೆ ಬಿಟ್ಟ ಗೋರಿಗಳಲ್ಲಿ ಆ ಕೆಂಪು ಗೆರೆಗಳು ಇನ್ನೂ ಉಳಿದಿವೆ. ಮುಖ ಪಕ್ಕದಿಂದ, ಕಣ್ಣು ಎದುರಿನಿಂದ, ಹೆಗಲು ಎದುರಿನಿಂದ, ಕಾಲು ಮತ್ತೆ ಪಕ್ಕದಿಂದ: ಪ್ರತಿ ಅಂಗವನ್ನೂ ಅದು ಅತಿ ಸ್ಪಷ್ಟವಾಗಿ ಗುರುತಾಗುವ ಕಡೆಯಿಂದ ತೋರಿಸಿದ್ದನ್ನು ಅರಿಯದತನ ಎನ್ನುವುದು ಅನ್ಯಾಯ. ನಮ್ಮಲ್ಲಿ ಅಳತೆಗೋಲು ತಾಳ. ಮುಖದ ಉದ್ದ ಒಂದು ತಾಳ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೂ ಅಷ್ಟೇ. ಒಂದು ತಾಳಕ್ಕೆ ಹನ್ನೆರಡು ಅಂಗುಲ. ದೊಡ್ಡ ದೇವರಿಗೆ ದಶತಾಳ, ಗಣೇಶನಿಗೆ ಐದು. ಅಳತೆ ಮೂರ್ತಿಯ ಒಳಗಿನಿಂದಲೇ ಹುಟ್ಟುವುದರಿಂದ ಅಂಗೈಯಗಲದ ವಿಗ್ರಹಕ್ಕೂ ಆಳೆತ್ತರದ ವಿಗ್ರಹಕ್ಕೂ ಒಂದೇ ಸೂತ್ರ ಸಾಕು. ಅದೇ ದಶತಾಳದಲ್ಲಿ ಒಬ್ಬ ಜೀವವಿಲ್ಲದ ಗೊಂಬೆ ಮಾಡುತ್ತಾನೆ, ಇನ್ನೊಬ್ಬ ಉಸಿರಾಡುವ ಮೂರ್ತಿ ಮಾಡುತ್ತಾನೆ ಎಂಬುದೂ ಅಷ್ಟೇ ನಿಜ.

ಚಿತ್ರಕ್ಕೆ ಕಲ್ಲಿನ ಬಾಳಿಕೆಯಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಉಳಿದಿರುವುದು ಮಾಸಿದ ತುಣುಕುಗಳು. ತುಂಬಿದ ಭಿತ್ತಿಚಿತ್ರ ಬೇಕಾದರೆ ಅಜಂತಾಕ್ಕೇ ಹೋಗಬೇಕು. ಅಲ್ಲಿನದು ಹಸಿ ಗಾರೆಯ ಮೇಲೆ ಬರೆಯುವ ಇಟಲಿಯ ಬಗೆಯದಲ್ಲ. ಕೊರಕಲು ಬಂಡೆಗೆ ಹೊಟ್ಟು, ನಾರು ಬೆರೆಸಿದ ಮಣ್ಣಿನ ಗಿಲಾವು, ಅದರ ಮೇಲೆ ತೆಳ್ಳನೆಯ ಸುಣ್ಣ, ಅದು ಒಣಗಿದ ಮೇಲೆ ಅಂಟು ಕಲಸಿದ ಬಣ್ಣ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಕಾಡಿಗೆ, ಸುಣ್ಣದ ಬಿಳಿ. ನೀಲಿಯೊಂದು ಮಾತ್ರ ದೂರದ ಬದಖ್ಶಾನಿನ ಲಾಜವರ್ದ ಕಲ್ಲಿನಿಂದ. ಐದನೆಯ ಶತಮಾನದ ಮೊದಲನೆಯ ಗುಹೆಯ ಪದ್ಮಪಾಣಿಯ ಮೂಗಿನ ಮೇಲೆ ಒಂದು ಬೆಳಗೆರೆಯಿದೆ. ಹೊರಗಿನ ಬೆಳಕು ಅಲ್ಲಿ ಬೀಳುವುದು ಸಾಧ್ಯವಿಲ್ಲ. ಅದು ಚಿತ್ರಕಾರ ಒಳಗಿನಿಂದ ಹೊತ್ತಿಸಿದ ಬೆಳಕು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಛಾಯೆ ಕೊಡುವುದರಲ್ಲಿ ಮೂರು ಬಗೆ ಹೇಳುತ್ತದೆ. ಎಲೆಯ ನರದಂಥ ಗೆರೆ, ತೆಳು ತೊಳೆತ, ಚುಕ್ಕಿ. ಅದೇ ಗ್ರಂಥದಲ್ಲಿ ಮೂರ್ತಿ ಮಾಡಲು ಕಲಿಸಿ ಎಂದು ಕೇಳಿದ ವಜ್ರ ರಾಜನಿಗೆ ಮಾರ್ಕಂಡೇಯ, ಮೊದಲು ಚಿತ್ರ ತಿಳಿ, ಅದಕ್ಕೆ ನೃತ್ಯ ತಿಳಿ, ಅದಕ್ಕೆ ವಾದ್ಯ, ಅದಕ್ಕೂ ಮೊದಲು ಹಾಡು ತಿಳಿ ಎನ್ನುತ್ತಾನೆ. ಬೇಲೂರಿನ ತ್ರಿಭಂಗದ ಮೈಗಳನ್ನು ನೋಡಿದವರಿಗೆ ಈ ಮಾತು ಅಲಂಕಾರವೆನಿಸದು.

ಲೋಹದ ಬಗ್ಗೆ ಒಂದೇ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. 1926ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕ ಕಂಚಿನ ಹುಡುಗಿಯ ಎತ್ತರ 10.5 ಸೆಂಟಿಮೀಟರ್. ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಪೊಳ್ಳಿಗೆ ಲೋಹ ಹೊಯ್ದದ್ದು. ಮಾನಸೋಲ್ಲಾಸವೂ ಇದೇ ಕ್ರಮವನ್ನು ವಿವರಿಸುತ್ತದೆ. ಸೊಂಟದ ಮೇಲೆ ಕೈಯಿಟ್ಟ ಆ ಠೀವಿ, ಕಡ್ಡಿಯಂಥ ಆ ತೋಳು ಕಲ್ಲಿನಲ್ಲಿ ಬರಲಾರವು, ಮುರಿದುಬೀಳುತ್ತವೆ. ಬೆರಳಿನಲ್ಲಿ ಹೊಸೆದ ಮೇಣದ ಎಳೆಯಿಂದಲೇ ಆ ತೋಳು ಹುಟ್ಟಿದೆ.

ಹಳೆಯ ಭಾರತದ ಕಲಾವಿದ ಹೆಸರಿಲ್ಲದವನು ಎಂಬ ಮಾತು ಕನ್ನಡ ನಾಡಿನಲ್ಲಿ ನಿಲ್ಲುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮೂರ್ತಿ ಮೂರ್ತಿಯ ಬುಡದಲ್ಲಿ ಮಲ್ಲಿತಮ್ಮನ ಹೆಸರಿದೆ. ಜಕಣಾಚಾರಿಯ ಕತೆಯನ್ನು ಮಕ್ಕಳಿಗೆ ಹೇಳುವ ನಾವು ಕಲ್ಲಿನಲ್ಲೇ ಹೆಸರು ಬರೆದಿಟ್ಟ ಈ ರೂವಾರಿಗಳನ್ನು ಯಾಕೆ ಹೇಳುವುದಿಲ್ಲ ಎಂಬುದು ನನ್ನ ಬಹುಕಾಲದ ಕೊರಗು.

ಆದ್ದರಿಂದ ನೋಡಲು ಕಲಿಯಬೇಕು ಎಂದು ಕೇಳಿದವರನ್ನು ನಾನು ಬೇಲೂರಿಗೂ ಕಳಿಸುವುದಿಲ್ಲ, ಹಳೇಬೀಡಿಗೂ ಕಳಿಸುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ಎನ್ನುತ್ತೇನೆ. ಅಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿಯಿದೆ, ಜನರ ನೂಕು ಇಲ್ಲ. ಅದರ ತೆಂಕಣ ಗೋಡೆಯ ಮೂರ್ತಿಗಳು ಬೈಚೋಜನವು, ಬಡಗಣ ಗೋಡೆಯವು ಮಲ್ಲಿತಮ್ಮನವು. ಕಲ್ಲು ಒಂದೇ, ಕಾಲ ಒಂದೇ, ಕೆತ್ತಬೇಕಾದ ದೇವರುಗಳೂ ಅವೇ. ತೆಂಕಣ ಬದಿಯ ಒಬ್ಬ ವಿಷ್ಣುವಿನ ಮುಂದೆ ಕಾಲು ಗಂಟೆ ನಿಂತು, ಹೆಗಲಿನಿಂದ ಮೊಣಕೈಗೆ ರೇಖೆ ಇಳಿದ ಬಗೆಯನ್ನು ಕಣ್ಣಲ್ಲಿ ಹಿಡಿದುಕೊಳ್ಳಿ. ಆಮೇಲೆ ಮಾತಾಡದೆ ಗುಡಿಯನ್ನು ಬಳಸಿ ಬಡಗಣ ಬದಿಗೆ ನಡೆಯಿರಿ.